‘ರೆಡ್‌ಹ್ಯಾಂಡೆಡ್’: ಒಂದು ಪದದ ಅರ್ಥ, ಮೂಲ ಮತ್ತು ಅದು ಹೊತ್ತು ತಂದ ಭಾರ

‘ಲಂಚ ಪಡೆಯುತ್ತಿದ್ದಾಗ ರೆಡ್‌ಹ್ಯಾಂಡ್ ಆಗಿ ಸಿಕ್ಕಿಬಿದ್ದ ಅಧಿಕಾರಿ’. ಇಂಥದೊಂದು ಸುದ್ದಿಯಿಲ್ಲದ ವಾರ ಕನ್ನಡ ಪತ್ರಿಕೆಗಳ ಪಾಲಿಗೆ ಅಪರೂಪ. ಖಾತೆ ಬದಲಾವಣೆಗೆ, ಪೋಡಿಗೆ, ಗುತ್ತಿಗೆದಾರನ ಬಿಲ್ಲಿನ ಮಂಜೂರಾತಿಗೆ ಕೈಯೊಡ್ಡಿದವರ ಹೆಸರಿನ ಪಕ್ಕದಲ್ಲಿ ಈ ಇಂಗ್ಲಿಷ್ ಪದ ತಪ್ಪದೆ ಬಂದು ಕೂರುತ್ತದೆ. ಇಂಗ್ಲಿಷಿನ ಗಂಧವಿಲ್ಲದ ಓದುಗನಿಗೂ ಅದರ ಅರ್ಥ ತಿಳಿಯುತ್ತದೆ. ಆದರೆ ಸಿಕ್ಕಿಬಿದ್ದವನ ಕೈ ಏಕೆ ಕೆಂಪಾಗಿರಬೇಕು, ಆ ಕೆಂಪು ಎಲ್ಲಿಂದ ಬಂತು, ಕೈ ಕೆಂಪಾದ ಮಾತ್ರಕ್ಕೆ ಅಪರಾಧ ಸಾಬೀತಾದಂತೆಯೇ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಈ ಪದದ ಚರಿತ್ರೆಯನ್ನು ಬಗೆದು ನೋಡಿದರೆ ಮೂರು ಪ್ರಶ್ನೆಗಳಿಗೂ ಉತ್ತರವಿದೆ.

ಅರ್ಥ

‘ರೆಡ್‌ಹ್ಯಾಂಡೆಡ್’ ಎಂಬುದು ‘ರೆಡ್’ ಮತ್ತು ‘ಹ್ಯಾಂಡ್’ ಎಂಬ ಎರಡು ಪದಗಳಿಂದ ಕೂಡಿದ ವಿಶೇಷಣ, ಕ್ರಿಯಾವಿಶೇಷಣವಾಗಿಯೂ ಬಳಕೆಯಾಗುತ್ತದೆ. ಅಪರಾಧವನ್ನು ಎಸಗುತ್ತಿರುವಾಗಲೇ, ಅಥವಾ ಎಸಗಿದ ಮರುಕ್ಷಣವೇ, ಅದರ ಗುರುತು ಮೈಮೇಲಿರುವಂತೆಯೇ ಸಿಕ್ಕಿಬಿದ್ದ ಎಂಬುದು ಇದರ ಅರ್ಥ. ಇಂದು ಇದು ಗಂಭೀರ ಅಪರಾಧಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಡಬ್ಬಿಯೊಳಗೆ ಕೈ ಹಾಕಿದ ಮಗುವೂ, ಪರೀಕ್ಷೆಯಲ್ಲಿ ಚೀಟಿ ನೋಡಿ ಬರೆಯುವ ವಿದ್ಯಾರ್ಥಿಯೂ ಇಂಗ್ಲಿಷ್ ಮಾತಿನಲ್ಲಿ ‘ರೆಡ್‌ಹ್ಯಾಂಡೆಡ್’ ಆಗಿಯೇ ಸಿಕ್ಕಿಬೀಳುತ್ತಾರೆ. ಆದರೆ ಹುಟ್ಟಿನಲ್ಲಿ ಈ ಪದಕ್ಕೆ ಇಷ್ಟು ಸಲುಗೆ ಇರಲಿಲ್ಲ. ಅದು ಕೊಲೆಗೆ ಸಂಬಂಧಿಸಿದ ಮಾತಾಗಿತ್ತು. ಅಲ್ಲಿನ ಕೆಂಪು ರಕ್ತದ ಕೆಂಪಾಗಿತ್ತು.

ಪದದ ರಚನೆ

ಈ ಪದದ ಕೊನೆಯಲ್ಲಿರುವ ‘ಎಡ್’ ಭೂತಕಾಲದ ಪ್ರತ್ಯಯವಲ್ಲ. ‘ಉಳ್ಳ’ ಎಂಬ ಅರ್ಥದಲ್ಲಿ ನಾಮಪದಕ್ಕೆ ಸೇರುವ ಬೇರೊಂದು ಪ್ರತ್ಯಯ ಅದು. ‘ಬ್ಲೂ ಐಡ್’ ಎಂದರೆ ನೀಲಿ ಕಣ್ಣುಳ್ಳ, ‘ಲೆಫ್ಟ್ ಹ್ಯಾಂಡೆಡ್’ ಎಂದರೆ ಎಡಗೈ ರೂಢಿಯುಳ್ಳ. ಹಾಗೆಯೇ ‘ರೆಡ್‌ಹ್ಯಾಂಡೆಡ್’ ಎಂದರೆ ಕೆಂಪು ಕೈಯುಳ್ಳ.

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆ ಇದು ಹೊಸ ಸಂಗತಿಯೇನಲ್ಲ. ಮೂರು ಕಣ್ಣುಳ್ಳವನು ‘ಮುಕ್ಕಣ್ಣ’, ಕೈಯಲ್ಲಿ ಚಕ್ರವುಳ್ಳವನು ‘ಚಕ್ರಪಾಣಿ’. ಸಮಾಸದ ಎರಡು ಪದಗಳಿಗಿಂತ ಹೊರಗಿರುವ ಮೂರನೆಯದೊಂದನ್ನು ಸೂಚಿಸುವ ಇಂಥ ರಚನೆಯನ್ನು ಬಹುವ್ರೀಹಿ ಎನ್ನುತ್ತಾರೆ. ಪಾಶ್ಚಾತ್ಯ ಭಾಷಾವಿಜ್ಞಾನಿಗಳು ಈ ಬಗೆಯ ಸಮಾಸಗಳಿಗೆ ಸಂಸ್ಕೃತದ ಇದೇ ಹೆಸರನ್ನು ಎರವಲು ಪಡೆದು ಬಳಸುತ್ತಾ ಬಂದಿದ್ದಾರೆ. ಇಂಗ್ಲಿಷ್ ಪದ ಹೇಳುತ್ತಿರುವುದು ಕೈಯ ವಿಷಯವನ್ನಲ್ಲ, ಅಂಥ ಕೈಯುಳ್ಳ ವ್ಯಕ್ತಿಯ ವಿಷಯವನ್ನು.

ಸ್ಕಾಟ್ಲೆಂಡಿನ ಕಾನೂನಿನಲ್ಲಿ ಹುಟ್ಟು

ಈ ನುಡಿಗಟ್ಟು ಹುಟ್ಟಿದ್ದು ಕವಿಗಳ ಕಲ್ಪನೆಯಲ್ಲಲ್ಲ, ಸ್ಕಾಟ್ಲೆಂಡಿನ ಕಾನೂನಿನಲ್ಲಿ. ದೊರೆ ಒಂದನೇ ಜೇಮ್ಸ್‌ನ ಕಾಲದಲ್ಲಿ, 1432ರಲ್ಲಿ, ಅಲ್ಲಿನ ಸಂಸತ್ತು ರಚಿಸಿದ ಶಾಸನದಲ್ಲಿ ‘ರೆಡ್ ಹ್ಯಾಂಡ್’ ಎಂಬುದು ಹಳೆಯ ಸ್ಕಾಟ್ಸ್ ನುಡಿಯ ಕಾಗುಣಿತದಲ್ಲಿ ಕಾಣಸಿಗುತ್ತದೆ. ಕೆಂಪು ಕೈಯೊಡನೆ ಸಿಕ್ಕ ಅಪರಾಧಿಯನ್ನು ಆ ಭೂಮಿಯ ಒಡೆಯನಾದ ಬ್ಯಾರನ್‌ನ ಮುಂದೆಯೇ ವಿಚಾರಣೆಗೆ ಒಡ್ಡಬಹುದು, ಹಾಗೆ ಸಿಗದವನ ವಿಷಯದಲ್ಲಿ ಬೇರೆ ಕ್ರಮ ಅನುಸರಿಸಬೇಕು ಎಂಬುದು ಅದರ ತಾತ್ಪರ್ಯ.

ಈ ವಿಂಗಡಣೆಯ ಹಿಂದೆ ಅಧಿಕಾರದ ಪ್ರಶ್ನೆಯಿತ್ತು. ಕೊಲೆಯಂಥ ಘೋರ ಅಪರಾಧಗಳನ್ನು ವಿಚಾರಿಸುವುದು ದೊರೆಯ ನ್ಯಾಯಾಧಿಕಾರಿಗಳ ಹಕ್ಕು. ಸ್ಥಳೀಯ ಬ್ಯಾರನ್‌ಗಾಗಲಿ, ಶೆರಿಫ್‌ಗಾಗಲಿ ಆ ಅಧಿಕಾರ ದಕ್ಕುತ್ತಿದ್ದುದು ಕೊಲೆಗಾರ ಬಿಸಿರಕ್ತದ ಕೈಯಲ್ಲೇ ಸಿಕ್ಕಿಬಿದ್ದಾಗ, ಅದೂ ತಡಮಾಡದೆ ವಿಚಾರಣೆ ನಡೆಸಿದರೆ ಮಾತ್ರ. 1678ರಲ್ಲಿ ಸ್ಕಾಟ್ಲೆಂಡಿನ ಅಪರಾಧ ಕಾನೂನನ್ನು ಕುರಿತು ಗ್ರಂಥ ಪ್ರಕಟಿಸಿದ ನ್ಯಾಯವಾದಿ ಸರ್ ಜಾರ್ಜ್ ಮೆಕೆಂಜಿ, ಕೊಲೆಗಾರ ‘ರೆಡ್ ಹ್ಯಾಂಡ್’ ಆಗಿ ಸಿಗದಿದ್ದರೆ ಶೆರಿಫ್ ಮುಂದುವರಿಯುವಂತಿಲ್ಲವೆಂದು ದಾಖಲಿಸಿದ್ದಾನೆ. ಅಂದರೆ ಕೈಯ ಕೆಂಪು ಬರಿಯ ಸಾಕ್ಷ್ಯವಾಗಿರಲಿಲ್ಲ. ಯಾರು ತೀರ್ಪು ನೀಡಬೇಕು, ಎಷ್ಟು ಬೇಗ ನೀಡಬೇಕು ಎಂಬುದನ್ನೂ ಅದೇ ನಿರ್ಧರಿಸುತ್ತಿತ್ತು. ರಕ್ತ ಒಣಗುವ ಮುನ್ನ ಸಿಕ್ಕವನಿಗೆ ನೇಣುಗಂಬ ಹತ್ತಿರ. ತೊಳೆದುಕೊಂಡವನಿಗೆ ದೀರ್ಘ ವಿಚಾರಣೆಯ ಅವಕಾಶ. ಬ್ರಿಟಿಷ್ ಸಂಸತ್ತು 1747ರಲ್ಲಿ ಅಂಗೀಕರಿಸಿದ ಶಾಸನವೊಂದು ಸ್ಕಾಟ್ಲೆಂಡಿನ ಭೂಒಡೆಯರ ವಂಶಪಾರಂಪರ್ಯ ನ್ಯಾಯಾಧಿಕಾರವನ್ನು ಮೊಟಕುಗೊಳಿಸಿದ ಮೇಲೆ ಈ ಪದ್ಧತಿ ಇತಿಹಾಸ ಸೇರಿತು. ಪದ ಮಾತ್ರ ಉಳಿಯಿತು.

ಆ ಪದಕ್ಕೆ ಕಾನೂನಿನ ಹೊರಗೆ ಬಾಳು ದೊರಕಿಸಿಕೊಟ್ಟವನೂ ಒಬ್ಬ ಸ್ಕಾಟಿಷ್ ನ್ಯಾಯವಾದಿಯೇ. ಕಾದಂಬರಿಕಾರನೆಂದೇ ಜಗತ್ತು ಬಲ್ಲ ಸರ್ ವಾಲ್ಟರ್ ಸ್ಕಾಟ್ ವೃತ್ತಿಯಿಂದ ವಕೀಲ. 1799ರಿಂದ ಸೆಲ್ಕರ್ಕ್ ಪ್ರಾಂತದ ಶೆರಿಫ್ ಹುದ್ದೆಯಲ್ಲಿದ್ದವನು. 1819ರ ಡಿಸೆಂಬರಿನಲ್ಲಿ ಹೊರಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ಅವನು ‘ರೆಡ್‌ಹ್ಯಾಂಡೆಡ್’ ಎಂಬ ರೂಪವನ್ನು ಬಳಸಿದ. ಆ ಕಾದಂಬರಿಯ ಅಪಾರ ಜನಪ್ರಿಯತೆಯಿಂದಾಗಿ ಪದವೂ ಇಂಗ್ಲಿಷ್ ಓದುಗರ ನಡುವೆ ಹರಡಿತು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಕನ್ನಡ ವರದಿಗಾರರು ಬರೆಯುವುದು ‘ರೆಡ್‌ಹ್ಯಾಂಡೆಡ್ ಆಗಿ’ ಎಂದಲ್ಲ, ‘ರೆಡ್‌ಹ್ಯಾಂಡ್ ಆಗಿ’ ಎಂದು. ಇಂಗ್ಲಿಷ್ ಬಲ್ಲವರು ಇದನ್ನು ತಪ್ಪೆಂದು ತಿದ್ದುವುದುಂಟು. ಆದರೆ ಸ್ಕಾಟ್ಲೆಂಡಿನ ಹಳೆಯ ಶಾಸನದಲ್ಲಿದ್ದದ್ದು ‘ಎಡ್’ ಇಲ್ಲದ ರೂಪವೇ. ಕನ್ನಡದ ನಾಲಿಗೆ ತನ್ನ ಅನುಕೂಲಕ್ಕಾಗಿ ಬಾಲ ಕತ್ತರಿಸಿದಾಗ ತನಗರಿವಿಲ್ಲದೆಯೇ ಪದದ ಮೂಲರೂಪಕ್ಕೆ ಮರಳಿದೆ.

ತಪ್ಪು ವ್ಯುತ್ಪತ್ತಿ

ಜನಪ್ರಿಯ ಪದಗಳಿಗೆ ಕಟ್ಟುಕಥೆಗಳು ಅಂಟಿಕೊಳ್ಳುವುದು ಸಹಜ. ಉತ್ತರ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದ ಲಾಂಛನದಲ್ಲಿ ಕೆಂಪು ಹಸ್ತವೊಂದಿದೆ. ದೋಣಿಯಲ್ಲಿ ಮೊದಲು ದಡ ಮುಟ್ಟಿದವನಿಗೆ ರಾಜ್ಯವೆಂಬ ಪಂದ್ಯದಲ್ಲಿ ಹಿಂದೆ ಬಿದ್ದವನೊಬ್ಬ ತನ್ನ ಕೈಯನ್ನೇ ಕಡಿದು ದಡಕ್ಕೆಸೆದು ರಾಜ್ಯ ಗೆದ್ದನೆಂಬುದು ಅದರ ಐತಿಹ್ಯ. ‘ರೆಡ್‌ಹ್ಯಾಂಡೆಡ್’ ಹುಟ್ಟಿದ್ದು ಇಲ್ಲಿಂದಲೇ ಎಂಬ ವಿವರಣೆ ಆಗಾಗ ಕಾಣಿಸಿಕೊಳ್ಳುತ್ತದೆ. ಆದರೆ ಆ ಕಥೆಯಲ್ಲಿ ಅಪರಾಧವೂ ಇಲ್ಲ, ಸಿಕ್ಕಿಬೀಳುವುದೂ ಇಲ್ಲ. ಪದ ಮೊದಲು ಕಾಣಿಸಿಕೊಳ್ಳುವ ಕಾನೂನಿನ ಸಂದರ್ಭಕ್ಕೂ ಆ ಲಾಂಛನಕ್ಕೂ ನಂಟು ಕಲ್ಪಿಸುವ ಆಧಾರವಿಲ್ಲ.

ಜಿಂಕೆಯ ರಕ್ತ, ಕಳ್ಳನ ಬೆನ್ನು

ಪದ ಸ್ಕಾಟ್ಲೆಂಡಿನದಾದರೂ ಅದರ ಹಿಂದಿನ ಭಾವನೆ ಇನ್ನೂ ಹಳೆಯದು, ವಿಸ್ತಾರವಾದುದು. ಇಂಗ್ಲೆಂಡಿನ ದೊರೆಗಳು ತಮ್ಮ ಬೇಟೆಗೆಂದು ಕಾದಿರಿಸಿದ ಕಾಡುಗಳಿಗೆ ಪ್ರತ್ಯೇಕ ಕಾನೂನಿತ್ತು. ದೊರೆಯ ಜಿಂಕೆಯನ್ನು ಕದ್ದು ಕೊಂದವನನ್ನು ಹಿಡಿಯಲು ಆ ಕಾನೂನು ನಾಲ್ಕು ಗುರುತುಗಳನ್ನು ಹೇಳುತ್ತಿತ್ತೆಂದು 1598ರಲ್ಲಿ ಪ್ರಕಟವಾದ ಅರಣ್ಯ ಕಾನೂನಿನ ಗ್ರಂಥದಲ್ಲಿ ಜಾನ್ ಮ್ಯಾನ್‌ವುಡ್ ವಿವರಿಸುತ್ತಾನೆ. ಬಾಣ ಹೂಡಿ ಹೊಂಚುಹಾಕಿ ನಿಂತಿರುವುದು, ಗಾಯಗೊಂಡ ಜಿಂಕೆಯ ಜಾಡಿನಲ್ಲಿ ನಾಯಿಯನ್ನು ನಡೆಸುವುದು, ಸತ್ತ ಜಿಂಕೆಯನ್ನು ಬೆನ್ನಮೇಲೆ ಹೊತ್ತಿರುವುದು ಮೊದಲ ಮೂರು. ನಾಲ್ಕನೆಯದರ ಹೆಸರು ‘ಬ್ಲಡಿ ಹ್ಯಾಂಡ್’, ಅಂದರೆ ರಕ್ತದ ಕೈ.

ಇದಕ್ಕೂ ಹಿಂದೆ, ಹತ್ತನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಏಥಲ್‌ಸ್ಟನ್ ದೊರೆಯ ಶಾಸನ, ಕದ್ದ ವಸ್ತು ಕೈಯಲ್ಲಿರುವಾಗಲೇ ಸಿಕ್ಕ ಕಳ್ಳನನ್ನು ಬಿಡಬಾರದೆಂದು ವಿಧಿಸುತ್ತದೆ. ಅವನ ವಯಸ್ಸು 12 ದಾಟಿದ್ದು, ಕದ್ದದ್ದರ ಬೆಲೆ 8 ಪೆನ್ನಿಗಿಂತ ಹೆಚ್ಚಿದ್ದರೆ ಸಾಕು. ಹನ್ನೆರಡು ವರ್ಷದ ಹುಡುಗನಿಗೂ ಕರುಣೆಯಿಲ್ಲದ ಈ ಕಟ್ಟಳೆ ತಮ್ಮ ಪ್ರಜೆಗಳಿಗೆ ತೀರಾ ಕಠೋರವಾಯಿತೆಂದು ಆ ದೊರೆಗೇ ಅನ್ನಿಸಿತು. ಅವನ ಮುಂದಿನ ಶಾಸನವೊಂದು ವಯಸ್ಸಿನ ಮಿತಿಯನ್ನು 15ಕ್ಕೂ ಬೆಲೆಯನ್ನು 12 ಪೆನ್ನಿಗೂ ಏರಿಸಿತು. ಕೈಯಲ್ಲಿ ಮಾಲಿದೆ ಎಂಬ ಒಂದೇ ಸಂಗತಿ ಕಾನೂನನ್ನು ಎಷ್ಟು ಆತುರಕ್ಕೆ ನೂಕಬಲ್ಲದು, ಆ ಆತುರ ಹೇಗೆ ಮರುಚಿಂತನೆಗೂ ಎಡೆಮಾಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ರೋಮಿನ ‘ಹೊತ್ತಿ ಉರಿಯುವ’ ಅಪರಾಧ

ಇದೇ ಅರ್ಥಕ್ಕೆ ಯುರೋಪಿನ ನ್ಯಾಯಾಲಯಗಳು ಬಳಸುವ ಲ್ಯಾಟಿನ್ ನುಡಿ ‘ಇನ್ ಫ್ಲಾಗ್ರಾಂಟೆ ಡೆಲಿಕ್ಟೊ’. ಅಪರಾಧ ಇನ್ನೂ ಹೊತ್ತಿ ಉರಿಯುತ್ತಿರುವಾಗ ಎಂಬುದು ಅದರ ಅಕ್ಷರಾರ್ಥ. ಸ್ಕಾಟರಿಗೆ ರಕ್ತವಾಗಿ ಕಂಡದ್ದು ರೋಮನ್ನರಿಗೆ ಬೆಂಕಿಯಾಗಿ ಕಂಡಿತು.

ಕ್ರಿಸ್ತಪೂರ್ವ 5ನೇ ಶತಮಾನದ ನಡುಭಾಗದಲ್ಲಿ ರೂಪುಗೊಂಡ ರೋಮಿನ ‘ಹನ್ನೆರಡು ಫಲಕ’ಗಳ ಕಾನೂನು ಕಳ್ಳತನವನ್ನು ಎರಡಾಗಿ ಒಡೆಯಿತು: ಪ್ರತ್ಯಕ್ಷವಾಗಿ ಸಿಕ್ಕಿಬಿದ್ದದ್ದು, ಹಾಗೆ ಸಿಗದೆ ಅನಂತರ ಪತ್ತೆಯಾದದ್ದು. ಪ್ರತ್ಯಕ್ಷವಾಗಿ ಸಿಕ್ಕ ಕಳ್ಳ ಸ್ವತಂತ್ರ ಪ್ರಜೆಯಾಗಿದ್ದರೆ ಛಡಿಯೇಟು ತಿಂದು, ಕಳೆದುಕೊಂಡವನ ವಶಕ್ಕೆ ಹೋಗಬೇಕಿತ್ತು. ಗುಲಾಮನಾಗಿದ್ದರೆ ಹೊಡೆದು ಬಂಡೆಯ ಮೇಲಿನಿಂದ ಕೆಳಕ್ಕೆ ದೂಡುತ್ತಿದ್ದರು. ಅನಂತರ ಪತ್ತೆಯಾದವನು ಕದ್ದದ್ದರ ಎರಡರಷ್ಟು ಬೆಲೆ ತೆತ್ತು ಪಾರಾಗಬಹುದಿತ್ತು. ಮುಂದೆ ರೋಮಿನ ನ್ಯಾಯಾಧಿಕಾರಿಗಳು ಮೊದಲನೆಯವನ ದೇಹದಂಡನೆಯನ್ನು ನಾಲ್ಕು ಪಟ್ಟು ದಂಡಕ್ಕೆ ಇಳಿಸಿದರು. ಇಬ್ಬರು ಕದ್ದದ್ದೂ ಒಂದೇ ವಸ್ತುವಾಗಿದ್ದರೂ ಶಿಕ್ಷೆ ಮಾತ್ರ ಬೇರೆ. ಕಳ್ಳತನದ ಸ್ಥಳದಲ್ಲೇ ಸಿಕ್ಕವನು ಮಾತ್ರ ‘ಪ್ರತ್ಯಕ್ಷ’ ಕಳ್ಳನೋ, ಮಾಲನ್ನು ಮನೆಗೆ ಸಾಗಿಸುವ ದಾರಿಯಲ್ಲಿ ಸಿಕ್ಕವನೂ ಹೌದೋ ಎಂದು ರೋಮಿನ ನ್ಯಾಯಶಾಸ್ತ್ರಜ್ಞರು ವಾದಿಸಿದ್ದನ್ನು ಎರಡನೆಯ ಶತಮಾನದ ಗೇಯಸ್ ದಾಖಲಿಸಿದ್ದಾನೆ.

ಭಾರತದಲ್ಲಿ: ‘ಸಹೋಢ’ ಮತ್ತು ಕೌಟಿಲ್ಯನ ಬಲೆ

ಪ್ರಾಚೀನ ಭಾರತದ ಧರ್ಮಶಾಸ್ತ್ರಗಳಿಗೂ ಈ ವ್ಯತ್ಯಾಸ ತಿಳಿದಿತ್ತು. ಕದ್ದ ಮಾಲಿಗೆ ಸಂಸ್ಕೃತದಲ್ಲಿ ‘ಹೋಢ’ ಎಂಬ ಪದವಿದೆ. ಮಾಲು ಸಮೇತ ಸಿಕ್ಕವನು ‘ಸಹೋಢ’. ಮಾಲು ಸಿಗದೆ ಕಳ್ಳನನ್ನು ಧರ್ಮಿಷ್ಠನಾದ ದೊರೆ ಕೊಲ್ಲಿಸಬಾರದು, ಮಾಲು ಮತ್ತು ಕನ್ನದ ಸಲಕರಣೆಗಳೊಡನೆ ಸಿಕ್ಕವನನ್ನು ಹಿಂದುಮುಂದು ನೋಡದೆ ಕೊಲ್ಲಿಸಬೇಕು ಎಂಬುದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ವಿಧಿ. ಪುರಾವೆಯಿಲ್ಲದೆ ದಂಡಿಸಬಾರದೆಂಬ ಎಚ್ಚರ, ಪುರಾವೆ ಸಿಕ್ಕೊಡನೆ ಯೋಚಿಸಬೇಕಿಲ್ಲವೆಂಬ ಆತುರ, ಎರಡೂ ಒಂದೇ ಉಸಿರಿನಲ್ಲಿವೆ.

ಕನ್ನಡದ ‘ಮಾಲು ಸಮೇತ ಸಿಕ್ಕಿಬಿದ್ದ’ ಎಂಬ ಮಾತು ‘ಸಹೋಢ’ದ ಅರ್ಥವನ್ನೇ ಹೇಳುತ್ತದೆ. ಹಿಂದಿಯ ‘ರಂಗೇ ಹಾಥ್’, ಬಣ್ಣ ಮೆತ್ತಿದ ಕೈ, ಇಂಗ್ಲಿಷ್ ಪದಕ್ಕೆ ಇನ್ನೂ ಹತ್ತಿರ. ಆದರೆ ‘ರೆಡ್‌ಹ್ಯಾಂಡೆಡ್’ ಅನ್ನು ‘ಕೆಂಪು ಕೈಯವನು’ ಎಂದು ಅಕ್ಷರಶಃ ಅನುವಾದಿಸಿದರೆ ಕನ್ನಡಿಗನ ಕಣ್ಣಮುಂದೆ ಬರುವುದು ಮದರಂಗಿ ಹಚ್ಚಿದ ಮದುಮಗಳ ಕೈ. ಹೀಗಾಗಿಯೇ ಇಂಗ್ಲಿಷ್ ಪದ ಇಂಗ್ಲಿಷಾಗಿಯೇ ಕನ್ನಡಕ್ಕೆ ಬಂತೆನ್ನಬೇಕು.

ಕೊಲೆ, ಕಳ್ಳತನಗಳಲ್ಲಿ ರಕ್ತವೋ ಮಾಲೋ ಕಣ್ಣಿಗೆ ಬೀಳುತ್ತದೆ. ಲಂಚದಲ್ಲಿ ಅಂಥದ್ದೇನೂ ಇಲ್ಲ. ಕೈಯಿಂದ ಕೈಗೆ ದಾಟಿದ ಹಣಕ್ಕೆ ಯಾವ ಗುರುತೂ ಇರುವುದಿಲ್ಲ. ನೀರಿನಲ್ಲಿ ಈಜುವ ಮೀನು ನೀರು ಕುಡಿಯಿತೋ ಇಲ್ಲವೋ ತಿಳಿಯುವುದು ಹೇಗೆ ಅಸಾಧ್ಯವೋ, ಅಧಿಕಾರಿ ಹಣ ನುಂಗಿದ್ದನ್ನು ತಿಳಿಯುವುದೂ ಹಾಗೆಯೇ ಎಂಬ ಅರ್ಥಶಾಸ್ತ್ರದ ಹೋಲಿಕೆ ಪ್ರಸಿದ್ಧವಾದುದು. ಇದಕ್ಕೆ ಕೌಟಿಲ್ಯ ಕಂಡುಕೊಂಡ ಉಪಾಯ ಬಲೆ ಬೀಸುವುದು. ನ್ಯಾಯಾಧಿಕಾರಿಯ ಮೇಲೆ ಸಂದೇಹ ಬಂದರೆ ಗೂಢಚಾರನೊಬ್ಬ ಅವನ ಬಳಿಗೆ ಹೋಗಿ, ತನ್ನ ಬಂಧುವೊಬ್ಬ ಆಪಾದನೆಯಲ್ಲಿ ಸಿಲುಕಿದ್ದಾನೆ, ಈ ಹಣ ತೆಗೆದುಕೊಂಡು ಅವನನ್ನು ಪಾರುಮಾಡಬೇಕೆಂದು ಕೇಳಬೇಕು; ಒಪ್ಪಿಕೊಂಡರೆ ಅವನು ಲಂಚಕೋರನೆಂದು ಗಡೀಪಾರಾಗಬೇಕು ಎನ್ನುತ್ತದೆ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣ. ಇಂದು ‘ಟ್ರ್ಯಾಪ್’ ಎನ್ನುವ ಕಾರ್ಯಾಚರಣೆಯ ಹಳೆಯ ರೂಪವಿದು. ಇಂದಿನ ಕ್ರಮ ಸಾಮಾನ್ಯವಾಗಿ ಆರಂಭವಾಗುವುದು ಗೂಢಚಾರನ ಆಮಿಷದಿಂದಲ್ಲ, ಲಂಚದ ಬೇಡಿಕೆಯಿಂದ ನೊಂದವನ ದೂರಿನಿಂದ ಎಂಬುದೇ ಮುಖ್ಯ ವ್ಯತ್ಯಾಸ.

ಗುಲಾಬಿ ಬಣ್ಣದ ನೀರು

ಬಲೆಗೆ ಬಿದ್ದವನ ಕೈಗೆ ಬಣ್ಣ ಹತ್ತಿಸುವ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಮಾಡಿಕೊಟ್ಟಿತು. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫಿನಾಲ್ ಮತ್ತು ಥ್ಯಾಲಿಕ್ ಅನ್‌ಹೈಡ್ರೈಡ್‌ಗಳಿಂದ ಫಿನಾಫ್ತಲೀನ್ ಎಂಬ ವಸ್ತುವನ್ನು ತಯಾರಿಸಿದ. ಇದೇ ಬೇಯರ್‌ಗೆ 1905ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಬಹುಕಾಲ ಭೇದಿ ಮಾತ್ರೆಗಳಲ್ಲಿ ಬಳಕೆಯಲ್ಲಿದ್ದ ಈ ವಸ್ತುವನ್ನು ಸುರಕ್ಷತೆಯ ಕಾರಣದಿಂದ 1999ರಲ್ಲಿ ಅಮೆರಿಕವು ಚೀಟಿಯಿಲ್ಲದೆ ಮಾರುವ ಅಂಥ ಔಷಧಗಳಿಂದ ಕೈಬಿಟ್ಟಿತು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲಗಳ ಪರೀಕ್ಷೆಗೆ ಇದನ್ನು ಬಳಸಿದ ನೆನಪು ಅನೇಕ ಓದುಗರಿಗೆ ಇದ್ದೀತು.

ಫಿನಾಫ್ತಲೀನ್ ಬಿಳಿಯ ನುಣುಪಾದ ಪುಡಿ. ನೋಟಿನ ಮೇಲೆ ತೆಳುವಾಗಿ ಸವರಿದರೆ ಕಣ್ಣಿಗೆ ಕಾಣುವುದಿಲ್ಲ. ನೋಟು ಮುಟ್ಟಿದವನ ಬೆರಳಿಗೆ ಅದು ಅಂಟಿಕೊಳ್ಳುತ್ತದೆ. ಆ ಬೆರಳನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿದ ಕೂಡಲೇ ಬಣ್ಣವಿಲ್ಲದ ನೀರು ಗುಲಾಬಿಗೆ ತಿರುಗುತ್ತದೆ. ಆಮ್ಲೀಯ ಮತ್ತು ತಟಸ್ಥ ದ್ರಾವಣದಲ್ಲಿ ಬಣ್ಣವಿಲ್ಲದ ಫಿನಾಫ್ತಲೀನ್ ಅಣು, ಪಿಎಚ್ ಮೌಲ್ಯ ಸುಮಾರು 8.2 ದಾಟಿದಾಗ ತನ್ನ ರಚನೆ ಬದಲಿಸಿಕೊಂಡು ಬಣ್ಣ ತಳೆಯುವುದೇ ಇದಕ್ಕೆ ಕಾರಣ.

ಹೊತ್ತ ಬೂದಿಗುಂಬಳದ ಬಿಳಿ ಹುಡಿ ಹೆಗಲಿಗೆ ಅಂಟುವುದನ್ನು ಬಲ್ಲ ನಾಡು ಇದು. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯಲ್ಲಿ ಕಳ್ಳನನ್ನು ಹಿಡಿದುಕೊಡುವುದು ಅವನದೇ ಅಳುಕು. ಫಿನಾಫ್ತಲೀನ್ ಪುಡಿಗೆ ಆ ಅಳುಕಿನ ಹಂಗೂ ಇಲ್ಲ. ಹೆಗಲು ಮುಟ್ಟಿಕೊಳ್ಳದವನನ್ನೂ ಅದು ತೋರಿಸಿಕೊಡುತ್ತದೆ.

ಬಲೆ ಬೀಸುವ ಕ್ರಮ

ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಕಾಯ್ದೆಯಡಿ 1986ರಿಂದ ಲೋಕಾಯುಕ್ತ ಸಂಸ್ಥೆ ಕೆಲಸ ಮಾಡುತ್ತಿದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ತನಿಖಾಧಿಕಾರವನ್ನು ಅದಕ್ಕೆ ವಹಿಸಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ ಬಳಿಕ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿತು.

ಟ್ರ್ಯಾಪ್ ಸಾಮಾನ್ಯವಾಗಿ ನಡೆಯುವ ರೀತಿ ಹೀಗಿದೆ. ದೂರು ದಾಖಲಾದ ಮೇಲೆ ಇಬ್ಬರು ಪಂಚರನ್ನು ಕರೆಸಲಾಗುತ್ತದೆ. ಸಾಮಾನ್ಯವಾಗಿ ಇವರು ಬೇರೆ ಇಲಾಖೆಯ ನೌಕರರು. ದೂರುದಾರ ತಂದ ನೋಟುಗಳ ಸಂಖ್ಯೆಗಳನ್ನು ಬರೆದುಕೊಂಡು, ಪುಡಿ ಸವರಿ, ಬಣ್ಣ ಹೇಗೆ ಬದಲಾಗುತ್ತದೆಂದು ಪಂಚರಿಗೆ ತೋರಿಸಿ ಮಹಜರು ಬರೆಯಲಾಗುತ್ತದೆ. ಅಧಿಕಾರಿ ತಾನಾಗಿ ಕೇಳುವವರೆಗೆ ಹಣ ಕೊಡಬಾರದೆಂದು ದೂರುದಾರನಿಗೆ ತಾಕೀತು ಮಾಡಲಾಗುತ್ತದೆ. ಅವನ ಜೊತೆಗೆ ಪಂಚರಲ್ಲೊಬ್ಬ ‘ನೆರಳು ಸಾಕ್ಷಿ’ಯಾಗಿ ಹೋಗುತ್ತಾನೆ. ಹಣ ಕೈ ಬದಲಾದ ಸನ್ನೆ ಸಿಕ್ಕೊಡನೆ ಪೊಲೀಸರು ಒಳಗೆ ಬರುತ್ತಾರೆ. ಅಧಿಕಾರಿಯ ಬಲಗೈ, ಎಡಗೈಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ತೊಳೆಸಿ, ಆ ನೀರನ್ನು ಸೀಸೆಗಳಲ್ಲಿ ತುಂಬಿ, ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ‘ರೆಡ್‌ಹ್ಯಾಂಡ್’ ಎಂದು ಅಚ್ಚಾಗುವುದು ಈ ಹಂತದ ಸುದ್ದಿ.

ಸ್ಕಾಟ್ಲೆಂಡಿನ ಹಳೆಯ ವಿಂಗಡಣೆಯ ನೆರಳು ಇಲ್ಲಿಯೂ ಇದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಲಾದ 17ಎ ಕಲಮು, ಅಧಿಕಾರಿ ಕರ್ತವ್ಯದ ಭಾಗವಾಗಿ ಕೈಗೊಂಡ ತೀರ್ಮಾನಗಳ ಬಗ್ಗೆ ತನಿಖೆ ನಡೆಸಲು ಪೂರ್ವಾನುಮತಿ ಬೇಕೆಂದು ವಿಧಿಸಿತು. ಆದರೆ ಲಂಚ ಪಡೆದ ಅಥವಾ ಪಡೆಯಲು ಯತ್ನಿಸಿದ ಆರೋಪದ ಮೇಲೆ ಸ್ಥಳದಲ್ಲೇ ಬಂಧಿಸುವಾಗ ಆ ಅನುಮತಿ ಬೇಡವೆಂದು ವಿನಾಯಿತಿಯನ್ನೂ ಕೊಟ್ಟಿತು. ಕೈ ಕೆಂಪಾಗಿ ಸಿಕ್ಕವನಿಗೆ ಒಂದು ದಾರಿ, ಸಿಗದವನಿಗೆ ಇನ್ನೊಂದು.

ಕೈ ಕೆಂಪಾದರೆ ಸಾಕೆ?

ಬ್ಯಾರನ್‌ನ ಕಾಲಕ್ಕೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ ಇದಾದ ಮೇಲೆ ನಡೆಯುವುದರಲ್ಲಿದೆ. ಗುಲಾಬಿ ನೀರು ಹೇಳುವುದು ಒಂದೇ ಮಾತು: ಈ ಕೈ ಪುಡಿ ಸವರಿದ ವಸ್ತುವನ್ನೋ, ಅದನ್ನು ಮುಟ್ಟಿದ ಮತ್ತೊಂದು ಕೈಯನ್ನೋ ಮುಟ್ಟಿದೆ. ಏಕೆ ಮುಟ್ಟಿತು ಎಂಬುದನ್ನು ಅದು ಹೇಳಲಾರದು. ಹಣವನ್ನು ಜೇಬಿಗೆ ಬಲವಂತವಾಗಿ ತುರುಕಿದರು, ಕೈಕುಲುಕಿದಾಗ ಪುಡಿ ಅಂಟಿತು, ಅದು ಕೊಟ್ಟ ಸಾಲದ ಮರುಪಾವತಿ ಎಂಬ ವಾದಗಳು ಇಂಥ ಮೊಕದ್ದಮೆಗಳಲ್ಲಿ ಸಾಮಾನ್ಯ. ಅವು ಸುಳ್ಳಿರಬಹುದು, ನಿಜವೂ ಇರಬಹುದು. ನ್ಯಾಯಾಲಯ ಕೇಳಿ ತೀರ್ಮಾನಿಸಬೇಕು.

ಆಂಧ್ರಪ್ರದೇಶದ ಬಿ. ಜಯರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿತು. ಅಲ್ಲಿ ದೂರುದಾರನೇ ನ್ಯಾಯಾಲಯದಲ್ಲಿ ತನ್ನ ಹೇಳಿಕೆಯಿಂದ ಹಿಂದೆ ಸರಿದಿದ್ದ. ಲಂಚಕ್ಕೆ ಬೇಡಿಕೆಯಿಟ್ಟದ್ದು ಸಾಬೀತಾಗದೆ, ನೋಟುಗಳು ಆರೋಪಿಯ ಬಳಿ ದೊರೆತವೆಂಬ ಒಂದೇ ಕಾರಣಕ್ಕೆ ಶಿಕ್ಷಿಸಲಾಗದೆಂದು ನ್ಯಾಯಾಲಯ ಹೇಳಿ ಆರೋಪಿಯನ್ನು ಬಿಡುಗಡೆ ಮಾಡಿತು. ದೂರುದಾರನೇ ತೀರಿಕೊಂಡಿದ್ದ ಇನ್ನೊಂದು ಪ್ರಕರಣದಲ್ಲಿ 2015ರಲ್ಲಿಯೂ ಬಂದದ್ದು ಬಿಡುಗಡೆಯ ತೀರ್ಪೇ.

ಹಾಗಾದರೆ ದೂರುದಾರ ಸತ್ತರೆ, ಹೆದರಿದರೆ, ರಾಜಿಯಾದರೆ ಪ್ರತಿಯೊಬ್ಬ ಲಂಚಕೋರನೂ ಪಾರೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್ 15ರಂದು ಇದಕ್ಕೆ ಉತ್ತರ ನೀಡಿತು. ಪೀಠದ ಪರವಾಗಿ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದ ಬಿ.ವಿ. ನಾಗರತ್ನ. ಬೇಡಿಕೆ ಮತ್ತು ಸ್ವೀಕಾರ ಸಾಬೀತಾಗಲೇಬೇಕು. ಆದರೆ ದೂರುದಾರ ತೀರಿಕೊಂಡಿದ್ದರೂ, ತಿರುಗಿಬಿದ್ದಿದ್ದರೂ, ಬೇರೆ ಸಾಕ್ಷಿಗಳಿಂದ ಅಥವಾ ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತುಪಡಿಸಬಹುದು ಎಂಬುದು ಆ ತೀರ್ಪಿನ ಸಾರ. ಈ ಅಳತೆಗೋಲಿನಿಂದಲೇ ಅದೇ ಪ್ರಕರಣವನ್ನು ತೂಗಿದ ಮತ್ತೊಂದು ಪೀಠ, ಬೇಡಿಕೆ ಸಾಬೀತಾಗಿಲ್ಲವೆಂದು 2023ರ ಮಾರ್ಚ್‌ನಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಕನ್ನಡದ ಗಾದೆ ಈ ತೀರ್ಪುಗಳ ತಿರುಳನ್ನು ನಾಲ್ಕು ಪದಗಳಲ್ಲಿ ಹೇಳಿಬಿಡುತ್ತದೆ. ಇದರಿಂದ ಲಂಚಕೋರರಿಗೆ ಅನುಕೂಲವಾಯಿತೆಂದು ಕೊರಗುವವರು ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಪುಡಿಯೊಂದೇ ತೀರ್ಪು ಕೊಡುವಂತಿದ್ದರೆ, ದ್ವೇಷವಿದ್ದವನು ಪ್ರಾಮಾಣಿಕ ಗುಮಾಸ್ತನ ಜೇಬಿಗೆ ನಾಲ್ಕು ನೋಟು ತುರುಕಿ ಅವನ ಬಾಳನ್ನೇ ಮುಗಿಸಬಹುದಿತ್ತು. ಹಾಗೆಯೇ, ಬೇಡಿಕೆಯ ಮಾತನ್ನು ಧ್ವನಿಮುದ್ರಿಸದೆ, ನೆರಳು ಸಾಕ್ಷಿ ಬಾಗಿಲ ಹೊರಗೇ ಉಳಿದು, ಕೈ ತೊಳೆಸುವುದರಲ್ಲಷ್ಟೇ ಮುತುವರ್ಜಿ ತೋರಿದ ತನಿಖೆ ತಪ್ಪಿತಸ್ಥನನ್ನು ಪಾರುಮಾಡುತ್ತದೆ. ಅಲ್ಲಿ ಸೋಲುವುದು ಕೆಲಸದ ದಿನ ಬಿಟ್ಟು, ಇಲಾಖೆಯ ಹಗೆ ಕಟ್ಟಿಕೊಂಡು ದೂರು ಕೊಟ್ಟ ನಾಗರಿಕ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಶೋಧ ಮತ್ತು ಜಪ್ತಿಗಳ ದೃಶ್ಯ-ಶ್ರವ್ಯ ದಾಖಲೆಯನ್ನು ಕಡ್ಡಾಯಗೊಳಿಸಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಹಣ ಕೊಡುವವರೂ ತಿಳಿದಿರಬೇಕಾದದ್ದಿದೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯುಂಟು. ಮೊದಲೇ ತಿಳಿಸಿ, ಟ್ರ್ಯಾಪ್‌ಗೆ ನೆರವಾಗಲೆಂದು ಕೊಟ್ಟವರಿಗೂ ಶಿಕ್ಷೆಯ ಭಯವಿಲ್ಲ.

ಪದವನ್ನು ಓದುವ ಬಗೆ

1432ರ ಸ್ಕಾಟ್ಲೆಂಡಿನಲ್ಲಿ ‘ರೆಡ್ ಹ್ಯಾಂಡ್’ ಎಂದರೆ ವಿಚಾರಣೆ ಚುಟುಕಾಗಬಹುದೆಂಬ ಅರ್ಥವಿತ್ತು. ಇಂದಿನ ಕಾನೂನಿನಲ್ಲಿ ಅದೇ ಸ್ಥಿತಿ ವಿಚಾರಣೆಯ ಆರಂಭವಷ್ಟೇ. ಪದ ಮಾತ್ರ ತನ್ನ ಹಳೆಯ ಗತ್ತನ್ನು ಬಿಟ್ಟುಕೊಟ್ಟಿಲ್ಲ. ತಲೆಬರಹದಲ್ಲಿ ಅದು ಈಗಲೂ ತೀರ್ಪಿನಂತೆಯೇ ಮೊಳಗುತ್ತದೆ. ಸಿಕ್ಕಿಬಿದ್ದ ಸುದ್ದಿಗೆ ಮುಖಪುಟ ಮೀಸಲು, ವರ್ಷಗಳ ಅನಂತರ ಬರುವ ಶಿಕ್ಷೆಗೋ ಬಿಡುಗಡೆಗೋ ಒಳಪುಟದ ಮೂಲೆ. ಹೀಗಾಗಿ ಆ ಒಂದು ಪದವೇ ಓದುಗರ ನೆನಪಿನಲ್ಲಿ ಕೊನೆಯ ಮಾತಾಗಿ ಉಳಿದುಬಿಡುತ್ತದೆ.

ಕನ್ನಡದಲ್ಲಿ ‘ಹಣ ಪಡೆಯುವಾಗಲೇ ಸಿಕ್ಕಿಬಿದ್ದ ಆರೋಪಿ’, ‘ಮಾಲು ಸಮೇತ ವಶ’ ಎಂಬ ಮಾತುಗಳು ನಡೆದದ್ದನ್ನು ನಡೆದಷ್ಟೇ ಹೇಳುತ್ತವೆ. ‘ರೆಡ್‌ಹ್ಯಾಂಡ್’ ಎಂದೇ ಬರೆದರೂ ತಪ್ಪಿಲ್ಲ. ಆದರೆ ಆ ಪದ ಸಾರುವುದು ಕೈ ತೊಳೆದ ನೀರು ಗುಲಾಬಿಯಾಯಿತೆಂಬುದನ್ನು ಮಾತ್ರ. ಆ ಕೈ ಕೇಳಿ ಪಡೆಯಿತೇ ಎಂಬುದು ಸಾಕ್ಷಿಕಟ್ಟೆಯಲ್ಲಿ ತೀರ್ಮಾನವಾಗಬೇಕಾದ ಸಂಗತಿ.